ಮುಲಾಜಿಲ್ಲದ ಪದ

ಜೊತೆಯಲ್ಲಿ ನಡೆಯುವವರು ಒಂದು ಪದವನ್ನು ತಪ್ಪಾಗಿ ಬಳಸಿದರೆ ಸಾಕು, ನಮ್ಮ ಇಂಗ್ಲಿಷ್ ಮೇಷ್ಟ್ರ ಕಾಲುಗಳು ತಾವಾಗಿಯೇ ನಿಂತುಬಿಡುತ್ತಿದ್ದವು. ಜೊತೆಗಾರರು ಗಾಳಿಯೊಡನೆ ಮಾತನಾಡುತ್ತ ಅಷ್ಟು ದೂರ ಸಾಗಿ, ಪಕ್ಕದಲ್ಲಿ ಯಾರೂ ಇಲ್ಲವೆಂದು ಅರಿತು ತಿರುಗಿ ನೋಡಿದರೆ, ಇವರು ಸೈಕಲ್ಲುಗಳ ಗಂಟೆಗೂ ಕಿವಿಗೊಡದೆ ನಡುರಸ್ತೆಯಲ್ಲಿ ಕತ್ತು ಓರೆ ಮಾಡಿ, "ಅಲ್ಲ, ಸ್ವಲ್ಪ ತಾಳಿ" ಎನ್ನುತ್ತಿರುತ್ತಿದ್ದರು. ಸೆಕೆಗಾಲದಲ್ಲೂ ಮೈಬಿಡದ ಬೂದುಬಣ್ಣದ ಕೋಟು. ಸೀಮೆಸುಣ್ಣದ ಪುಡಿಯಿಂದ ಬಿಳಿಚಿಹೋದ ಅದರ ಬಲಜೇಬು. "ನಾನು ಇವರನ್ನ ಕಟ್ಟಿಕೊಂಡೆ, ಇವರು ಕೋಟನ್ನ ಕಟ್ಟಿಕೊಂಡರು" ಎಂದು ಅವರ ಹೆಂಡತಿ ನಗುತ್ತಿದ್ದರು.

ಅದೇ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ನನಗೆ ಅವರ ತಿದ್ದುಪಡಿಗಳಲ್ಲಿ ಎಂದೂ ಅಹಂಕಾರ ಕಂಡಿರಲಿಲ್ಲ. ಗೋಡೆಯ ಮೇಲೆ ವಾಲಿದ ಚಿತ್ರವನ್ನು ನೆಟ್ಟಗೆ ಮಾಡಿ ಮುಂದೆ ಹೋಗುವವರ ನಿರಾಳತೆಯಷ್ಟೇ ಅದರಲ್ಲಿತ್ತು. ಒಮ್ಮೆ ಒಬ್ಬ ತಂದೆ ಬಂದು, ತಮ್ಮ ಮಗ ಓದಿನಲ್ಲಿ 'ಡಿಸ್‌ಇಂಟರೆಸ್ಟೆಡ್' ಎಂದು ಅಳಲು ತೋಡಿಕೊಂಡರು. ಮೇಷ್ಟ್ರ ಮುಖ ಅರಳಿತು. "ಆಸಕ್ತಿ ಇಲ್ಲದವನು ಅನ್‌ಇಂಟರೆಸ್ಟೆಡ್. ಇದರಿಂದ ತನಗೇನೂ ದಕ್ಕಬೇಕಾಗಿಲ್ಲ ಅನ್ನೋನು ಡಿಸ್‌ಇಂಟರೆಸ್ಟೆಡ್. ತೀರ್ಪು ಕೊಡೋರು ಡಿಸ್‌ಇಂಟರೆಸ್ಟೆಡ್ ಆಗಿರಬೇಕು, ಆದರೆ ವಾದ ಕೇಳ್ತಾ ಆಕಳಿಸಿದರೆ ಅನ್‌ಇಂಟರೆಸ್ಟೆಡ್" ಎಂದು ವಿವರಿಸುತ್ತ ಹೋದವರು ಮಗನ ವಿಷಯವನ್ನೇ ಮರೆತರು. ಆ ತಂದೆ ಎದ್ದು ನಿಂತು, "ಸಾರ್, ಹುಡುಗ ಪಾಸಾಗ್ತಾನಾ?" ಎಂದು ಕೇಳಬೇಕಾಯಿತು.

ಇಂಥವರಿಗೆ ಅದೇ ಪದ ಒಂದು ಸಭೆಯಲ್ಲಿ ಕೈಕೊಟ್ಟಿತು. ಪ್ರಯೋಗಾಲಯದ ಸೂಕ್ಷ್ಮದರ್ಶಕ ಕಪಾಟಿನಿಂದ ಬಿದ್ದು ಒಡೆದಿತ್ತು. ಲ್ಯಾಬ್ ಅಟೆಂಡರ್ ಕೈತಪ್ಪಿ ಬೀಳಿಸಿದನೆಂದು ದೂರು. ಅವನ ಕೆಲಸ ಹೋಗುವುದರಲ್ಲಿತ್ತು. ವಿಚಾರಣೆಗೆ ಒಬ್ಬರನ್ನು ಆರಿಸಬೇಕಾದಾಗ ಮೇಷ್ಟ್ರು ಎದ್ದು, ಡ್ರಾಯಿಂಗ್ ಟೀಚರನ್ನು ತೋರಿಸಿ, ಇವರಿಗಿಂತ ಡಿಸ್‌ಇಂಟರೆಸ್ಟೆಡ್ ವ್ಯಕ್ತಿ ಈ ಶಾಲೆಯಲ್ಲೇ ಇಲ್ಲವೆಂದು ಇಂಗ್ಲಿಷಿನಲ್ಲಿ ಗಂಭೀರವಾಗಿ ನುಡಿದರು.

"ಆಸಕ್ತಿನೇ ಇಲ್ಲದವರನ್ನ ಹಾಕಿ ಏನು ಮಾಡೋದು, ಬಿಡಿ" ಎಂದು ಆಡಳಿತ ಮಂಡಳಿಯ ಕಾರ್ಯದರ್ಶಿ ಎಲ್ಲರ ನಗುವಿನ ನಡುವೆ ಮುಂದಿನ ವಿಷಯಕ್ಕೆ ಹಾರಿದರು. ಮೇಷ್ಟ್ರು "ಸ್ವಲ್ಪ ತಾಳಿ" ಎನ್ನುವಷ್ಟರಲ್ಲಿ ಡ್ರಾಯಿಂಗ್ ಟೀಚರ್ ಮುಖ ಕೆಂಪಗೆ ಮಾಡಿಕೊಂಡು ಹೊರಗೆ ನಡೆದಿದ್ದರು.

ಸಂಜೆ ಮೇಷ್ಟ್ರು ನನ್ನನ್ನೂ ಎಳೆದುಕೊಂಡು ಆ ಟೀಚರ ಮನೆಗೆ ಹೋದರು. ಬಣ್ಣದ ಡಬ್ಬಿಗಳನ್ನು ಸರಿಸಿ ಆಕೆ ಕುರ್ಚಿ ಕೊಟ್ಟರೇ ಹೊರತು ಮುಖ ಕೊಡಲಿಲ್ಲ.

"ಅಮ್ಮಾ, ನಾನು ನಿಮ್ಮನ್ನ ಹೊಗಳಿದ್ದು."

"ಹೊಗಳಿಕೇನಾ ಸಾರ್? ಎಲ್ಲರೂ ನಕ್ಕರು."

ಮೇಷ್ಟ್ರು ಅರ್ಥಭೇದವನ್ನು ಬಿಡಿಸಿಟ್ಟರು. ಆಕೆ ಕೊನೆಯವರೆಗೂ ಕೇಳಿ ಮೆಲ್ಲಗೆ ಅಂದರು: "ಇಷ್ಟು ಒಳ್ಳೆ ಮಾತನ್ನ ನಮ್ಮ ಭಾಷೇಲೇ ಹೇಳಬಹುದಿತ್ತಲ್ಲ ಸಾರ್?"

ಮೇಷ್ಟ್ರು ನಗತೊಡಗಿದರು, ಕಣ್ಣಲ್ಲಿ ನೀರು ಬರುವಷ್ಟು. ಕೊನೆಗೆ ಆಕೆಯೂ ನಕ್ಕರು.

ಮರುದಿನ ಬೆಳಿಗ್ಗೆ ಮೇಷ್ಟ್ರು ಕಾರ್ಯದರ್ಶಿಯ ಕೋಣೆಗೆ ಹೋಗಿ ಒಂದೇ ಮಾತು ಹೇಳಿದರು: "ಆಕೆ ಯಾರ ಮುಲಾಜಿಗೂ ಬೀಳೋರಲ್ಲ, ಯಾರ ಹಂಗೂ ಅವರಿಗಿಲ್ಲ."

"ಅದನ್ನ ನಿನ್ನೆನೇ ಹೇಳಬಾರದಿತ್ತಾ ಮಾರಾಯರೇ?" ಎಂದ ಕಾರ್ಯದರ್ಶಿ ಆಕೆಗೇ ವಿಚಾರಣೆ ವಹಿಸಿದರು. ಆಕೆ ಏಣಿ ಹಾಕಿಸಿ ಹತ್ತಿ, ಕಪಾಟಿನ ಹಲಗೆಯನ್ನು ಹಿಡಿದಿದ್ದ ತಿರುಪುಗಳು ತುಕ್ಕು ಹಿಡಿದು ಗೋಡೆಯಿಂದ ಕಳಚಿದ್ದನ್ನು ಎಲ್ಲರಿಗೂ ತೋರಿಸಿದರು. ಅಟೆಂಡರ್ ಕೆಲಸದಲ್ಲಿ ಉಳಿದ. ಅಂದು ಸ್ಟಾಫ್ ರೂಮಿನಲ್ಲಿ ಅತ್ಯಂತ ಸಂತುಷ್ಟರಾಗಿದ್ದವರು ಮೇಷ್ಟ್ರು. ಇಂಗ್ಲಿಷಿನ ಆ ಪದಕ್ಕೆ ಸರಿಸಮನಾದ ಮಾತು ಮನೆಯಲ್ಲೇ ಇದ್ದದ್ದು ತನಗೆ ಹೊಳೆಯಲಿಲ್ಲವಲ್ಲ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದರು.

ಪದಗಳ ಗಡಿಯನ್ನು ಕಾಯುವ ಇಂಥವರನ್ನು ಲೋಕ ಸಾಮಾನ್ಯವಾಗಿ ಕಿರಿಕಿರಿಯ ಮನುಷ್ಯರೆಂದು ತಳ್ಳಿಹಾಕುತ್ತದೆ. ಆದರೆ ಅವರಲ್ಲಿ ಉತ್ತಮರಾದವರಿಗೆ ಗೆಲ್ಲಬೇಕಾದದ್ದು ವಾದವಲ್ಲ. ಒಬ್ಬರ ಬಗ್ಗೆ ತಾವು ಕಂಡ ಒಳ್ಳೆಯದು ದಾರಿಯಲ್ಲಿ ಸೋರಿಹೋಗದೆ ಇನ್ನೊಬ್ಬರ ಮನಸ್ಸನ್ನು ಮುಟ್ಟಬೇಕು, ಅಷ್ಟೇ. ಅದಕ್ಕಾಗಿ ಬೇಕಾದರೆ ತಾವು ಮುದ್ದಿನಿಂದ ಸಾಕಿದ ಪದವನ್ನೂ ಅವರು ಹೊಸ್ತಿಲಾಚೆ ಬಿಟ್ಟು ಬರಬಲ್ಲರು.