ಅರ್ಧ ಹಣೆ

ಹಣೆಯಲ್ಲಿ ವಿಭೂತಿ ಇಲ್ಲದ ಅಮ್ಮನನ್ನು ನಾನು ಅವತ್ತೇ ಮೊದಲು ನೋಡಿದ್ದು. ಗುರುವಾರ ಬೆಳಿಗ್ಗೆ ಕಡಬದ ಮನೆಯ ಜಗುಲಿ ಮೇಲೆ ಕೂತಿದ್ದಳು. ಬಲಗಣ್ಣು ಊದಿ ಮುಚ್ಚಿಹೋಗಿತ್ತು. ಹಣೆಯ ಬಲಭಾಗದಿಂದ ಮೂಗಿನ ತುದಿಯವರೆಗೆ ನೀರುಗುಳ್ಳೆಗಳು. ನೋಡಿದ ತಕ್ಷಣ ನನಗೆ ಗೊತ್ತಾಯಿತು. ಅದು ಸರ್ಪಸುತ್ತು, ಕಣ್ಣಿಗೇ ಇಳಿದಿತ್ತು.

ಗುಬ್ಬಿ ಬಸ್ ಸ್ಟ್ಯಾಂಡಿನ ಹತ್ತಿರ ನಾನು ಮೆಡಿಕಲ್ ಸ್ಟೋರ್ ಇಟ್ಟು ಹನ್ನೊಂದು ವರ್ಷವಾಯಿತು. ಸರ್ಪಸುತ್ತಿಗೆ ವೈರಸ್ಸನ್ನು ಹತ್ತಿಕ್ಕುವ ಮಾತ್ರೆ ಇದೆ, ದಿನಕ್ಕೆ ಐದರಂತೆ ವಾರ ನುಂಗಬೇಕು, ಗುಳ್ಳೆ ಎದ್ದ ಮೂರು ದಿನದೊಳಗೇ ಶುರು ಮಾಡಬೇಕು ಎಂದು ಎಷ್ಟು ಜನ ಗಿರಾಕಿಗಳಿಗೆ ಪಾಠ ಮಾಡಿದ್ದೇನೋ ಲೆಕ್ಕವಿಲ್ಲ. ನನ್ನ ತಾಯಿಗೆ ಅವತ್ತು ನಾಲ್ಕನೇ ದಿನ.

ಸೋಮವಾರವೇ ಅಮ್ಮ ಫೋನ್ ಮಾಡಿದ್ದು ನಿಜ. "ಹಣೆ ಉರೀತಾ ಅದೆ ಕಣೇ ದೀಪಿಕಾ, ಕೆಂಪಗೆ ಗುಳ್ಳೆ ಎದ್ದವೆ" ಅಂದಳು. ಅಂಗಡಿ ತುಂಬ ಜನ. ಹಿಂದಿನ ವಾರ ಅವಳು ಹೊಸ ವಿಭೂತಿ ತಂದದ್ದು ನೆನಪಿತ್ತು. "ಆ ವಿಭೂತೀಲಿ ಸುಣ್ಣ ಬೆರೆಸಿರ್ತಾರೆ ಕಣಮ್ಮ, ಅಲರ್ಜಿ ಅಷ್ಟೆ. ಹಚ್ಚೋದು ನಿಲ್ಲಿಸು, ಟ್ಯೂಬ್ ಕಳಿಸ್ತೀನಿ, ದಿನಕ್ಕೆ ಮೂರು ಸಲ ಹಚ್ಚು" ಎಂದೆ. ಕಡಬದ ಬಸ್ಸಿನ ಕಂಡಕ್ಟರ್ ಕೈಗೆ ಟ್ಯೂಬು ಕೊಟ್ಟು ಕೆಲಸಕ್ಕೆ ಕೂತೆ. ಆಮೇಲೆ ಅಮ್ಮ ಮತ್ತೆ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಕರೆಸಿದ್ದು ಪಕ್ಕದ ಮನೆ ವನಜಮ್ಮ. "ನಿಮ್ಮಮ್ಮ ಮಂಗ್ಳವಾರ ಕದರಯ್ಯನ ಮನೆಗೆ ಹೋಗಿದ್ರು, ಆದ್ರೂ ಜಾಸ್ತೀನೇ ಆಗದೆ" ಎಂದಿದ್ದಳು. ಕದರಯ್ಯ ಸರ್ಪಸುತ್ತಿನ ಮೇಲೆ ಕೆಮ್ಮಣ್ಣಿನಲ್ಲಿ ಹಾವು ಬರೆಯುವವನು. ಕುಣಿಗಲ್ ಕಡೆಯಿಂದಲೂ ಅವನನ್ನು ಹುಡುಕಿಕೊಂಡು ಬರುತ್ತಾರೆ. ನನಗೆ ಮೈಯೆಲ್ಲ ಉರಿದುಹೋಯಿತು. ಮಗಳು ಮಾತ್ರೆ ಮಾರುವವಳು, ತಾಯಿ ಮಣ್ಣು ಹಚ್ಚಿಸಿಕೊಂಡು ಕಣ್ಣು ಕಳೆದುಕೊಳ್ಳುವುದು.

ತುಮಕೂರಿಗೆ ಹೋಗಲು ಅಮ್ಮನನ್ನು ಆಟೋ ಹತ್ತಿಸಿದೆ. ಕದರಯ್ಯನ ಮನೆ ಕೆರೆ ಏರಿ ಪಕ್ಕ, ದಾರಿಯಲ್ಲೇ. "ಬ್ಯಾಡ ಕಣೇ, ಅವ್ನನ್ನ ಏನೂ ಅನ್ಬೇಡ" ಎಂದು ಅಮ್ಮ ಸೆರಗು ಹಿಡಿದಳು. ಬಿಡಿಸಿಕೊಂಡು ಇಳಿದೆ.

ಕದರಯ್ಯ ಅಂಗಳದಲ್ಲಿ ತೆಂಗಿನ ಗರಿ ಸೀಳುತ್ತಿದ್ದ. ಬಾಯಿಗೆ ಬಂದಂತೆ ಬೈದೆ. ಪೊಲೀಸರಿಗೆ ಹೇಳುತ್ತೇನೆ ಎಂದೂ ಅಂದೆ. ಅವನು ಪೂರ್ತಿ ಕೇಳಿಸಿಕೊಂಡು ಒಳಗೆ ತಿರುಗಿ, "ಚಿಕ್ಕಮಾರಿ, ಬಾ ಇಲ್ಲಿ" ಎಂದ.

ಅವನ ಹೆಂಡತಿ ಚಿಕ್ಕಮಾರಮ್ಮ ಹೊಸ್ತಿಲಿಗೆ ಬಂದಳು. ಅವಳ ಎಡಗಣ್ಣು ಪೂರ್ತಿ ಬೆಳ್ಳಗಿತ್ತು.

"ಇವ್ಳಿಗೂ ಕಣ್ಣಿಗೇ ಬಂದಿತ್ತು ತಾಯಿ. ನಾನೇ ಮಣ್ಣು ಹಚ್ಚಿದ್ದು. ಅವತ್ತಿಂದ ಕತ್ತಿನಿಂದ ಮೇಲಕ್ಕೆ ಬಂದ್ರೆ ಯಾರಿಗೂ ಹಚ್ಚಕಿಲ್ಲ. ನಿಮ್ಮಮ್ಮಂಗೂ ಹಚ್ಚಿಲ್ಲ. ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ, ಮಾತ್ರೆ ನುಂಗಿ ಅಂತ ಮಂಗ್ಳವಾರವೇ ಹೇಳ್ದೆ."

"ಮತ್ತೆ ಯಾಕೆ ಹೋಗ್ಲಿಲ್ಲ?"

"ನನ್ ಮಗ್ಳು ಮೆಡಿಕಲ್ ಇಟ್ಟವ್ಳೆ, ಇದು ವಿಭೂತಿ ಅಲರ್ಜಿ ಅಂತ ಹೇಳವ್ಳೆ, ಅವಳಿಗಿಂತ ನಿಂಗೆ ಗೊತ್ತಾ ಅಂದ್ರು. ಎದ್ದು ಹೋದ್ರು." ಕದರಯ್ಯ ತನ್ನ ಹಣೆಯ ಮೇಲೆ ಬೆರಳನ್ನು ಈ ಕಡೆಯಿಂದ ಆ ಕಡೆಗೆ ಎಳೆದ. "ವಿಭೂತಿ ಹಣೆ ತುಂಬ ಬಳ್ಕೊತೀರಲ್ಲ ತಾಯಿ. ಅದ್ರಿಂದ ಬಂದಿದ್ರೆ ಗುಳ್ಳೆ ಅರ್ಧಕ್ಕೇ ನಿಂತ್ಕೊತಿತ್ತಾ?"

ಅಕ್ಷರ ಬಾರದ ಮನುಷ್ಯ ಕೇಳಿದ ಪ್ರಶ್ನೆ. ನಾನು ಫೋನಿನಲ್ಲಿ ಕೇಳಿದ್ದರೆ ಸಾಕಿತ್ತು, ಎರಡೂ ಕಡೆ ಇದೆಯಾ ಅಂತ. ಸರ್ಪಸುತ್ತು ಮೈಯ ಒಂದೇ ಪಕ್ಕಕ್ಕೆ ಏಳುತ್ತದೆ. ಅವನಿಗೆ ತಪ್ಪಾಯಿತು ಎಂದು ಹೇಳಲೂ ತೋಚದೆ ಆಟೋಗೆ ವಾಪಸು ಬಂದೆ.

"ಟ್ಯೂಬ್ ಎಲ್ಲಿ?" ಎಂದೆ.

ಅಮ್ಮ ಎಲೆಅಡಿಕೆ ಚೀಲದಿಂದ ತೆಗೆದುಕೊಟ್ಟಳು. ತುದಿಯಿಂದ ಮಡಿಸಿ ಮಡಿಸಿ, ಕೊನೆಯ ತೊಟ್ಟೂ ಬಿಡದಂತೆ ಹಿಂಡಿದ್ದಳು. "ದಿನಕ್ಕೆ ಮೂರು ಸಲ ಹಚ್ಚಿದೀನಿ ಕಣೇ, ನೀನ್ ಹೇಳ್ದಂಗೇ. ಒಂದು ಸಲಾನೂ ತಪ್ಪಿಸಿಲ್ಲ" ಎಂದಳು. ಅದು ಸ್ಟೀರಾಯ್ಡ್ ಮುಲಾಮು. ಸರ್ಪಸುತ್ತಿನ ಮೇಲೆ ಹಚ್ಚಲೇಬಾರದ್ದು, ಕಣ್ಣಿನ ಹತ್ತಿರವಂತೂ ಸುಳಿಯಲೂಬಾರದ್ದು.

ತುಮಕೂರಿನ ಕಣ್ಣಿನ ಡಾಕ್ಟರು ರೆಪ್ಪೆ ಬಿಡಿಸಿ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. "ಕರಿಗುಡ್ಡೆ ಮೇಲೆ ಗಾಯ ಆಗಿದೆ. ಲೇಟಾಗಿದೆ, ಆದ್ರೂ ಹೊಸ ಗುಳ್ಳೆ ಇನ್ನೂ ಬರ್ತಾ ಇರೋದ್ರಿಂದ ಮಾತ್ರೆ ಈಗಲೇ ಶುರು ಮಾಡ್ಬೇಕು. ದೃಷ್ಟಿ ಎಷ್ಟು ಉಳಿಯುತ್ತೆ ಅಂತ ಈಗ ಹೇಳಕ್ಕಾಗಲ್ಲ" ಎಂದರು. ಆಮೇಲೆ, "ಯಾರೋ ಮಣ್ಣು ಹಚ್ಚೋರ ಹತ್ರ ಹೋಗಿ ಕೂತಿದ್ರಾ ಅಜ್ಜಿ?" ಎಂದು ಗದರಿದರು.

"ಹೂಂ ಸಾಮಿ, ಹೋಗಿದ್ದೆ. ನಂದೇ ತಪ್ಪು" ಎಂದಳು ಅಮ್ಮ. ಮೇಜಿನ ಕೆಳಗೆ ನನ್ನ ಕೈ ಹಿಡಿದು ಬಲವಾಗಿ ಅದುಮಿದಳು.

ನಾನು ಕೈ ಬಿಡಿಸಿಕೊಂಡು ಆ ಹಿಂಡಿದ ಟ್ಯೂಬನ್ನು ಮೇಜಿನ ಮೇಲಿಟ್ಟೆ. "ಅಮ್ಮ ಮಣ್ಣು ಹಚ್ಚಿಸ್ಕೊಂಡಿಲ್ಲ ಡಾಕ್ಟ್ರೇ. ಮೂರು ದಿನದಿಂದ ಇದನ್ನ ಹಚ್ಚಿದಾರೆ. ಕೊಟ್ಟಿದ್ದು ನಾನು."

ಡಾಕ್ಟರು ಟ್ಯೂಬಿನ ಮೇಲಿನ ಹೆಸರು ಓದಿ ನನ್ನ ಮುಖ ನೋಡಿದರು. "ನೀವೇನ್ ಕೆಲಸ ಮಾಡ್ತೀರಿ?"

"ಮೆಡಿಕಲ್ ಸ್ಟೋರ್ ಇದೆ" ಎಂದೆ. ಅವರು ಮತ್ತೇನೂ ಕೇಳದೆ ಚೀಟಿ ಬರೆದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಹೊರಗಿನ ಬೆಂಚಿನ ಮೇಲೆ ಅಮ್ಮನನ್ನು ಕೂರಿಸಿ ಮಾತ್ರೆ, ನೀರು ತಂದೆ. ಮಾತ್ರೆಯ ಹೆಸರು ಓದಿದೆ, ಪವರು ನೋಡಿದೆ, ಚೀಟಿಗೆ ಹೋಲಿಸಿದೆ. ಮತ್ತೆ ಮೊದಲಿಂದ ಓದಿದೆ. ಹನ್ನೊಂದು ವರ್ಷ ಕಣ್ಣು ಮುಚ್ಚಿ ಎತ್ತಿಕೊಟ್ಟ ಮಾತ್ರೆಯನ್ನು ಕೈಯಲ್ಲಿ ಹಿಡಿಯಲು ನನಗೆ ಹೆದರಿಕೆಯಾಯಿತು.

"ಅದೇನ್ ಅಷ್ಟೊತ್ತು ಓದ್ತೀಯಾ" ಎಂದಳು ಅಮ್ಮ. "ನೀನ್ ಕೊಡೋದು ತಾನೆ."

ಒಂದೇ ಕಣ್ಣಿನಲ್ಲಿ ನನ್ನನ್ನು ನೋಡುತ್ತ ಬಾಯಿ ತೆರೆದಳು.