ಇಲಿ ತಿನ್ನದ ಹಾಳೆ

ಲಿಯೋಟಾ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಮೂರನೆಯವಳಾಗಿ. ನಮ್ಮ ಚರ್ಚಿನ ಹೆಂಗಸರಲ್ಲಿ ಒಂದು ಏರ್ಪಾಡಿದೆ. ಯಾರ ಮನೆಯಲ್ಲಾದರೂ ಕಾಯಿಲೆಯೋ ಸಾವೋ ಆದರೆ ಪಾದ್ರಿಯ ಹೆಂಡತಿ ಒಬ್ಬಳಿಗೆ ಫೋನು ಮಾಡುತ್ತಾಳೆ, ಅವಳು ಪಟ್ಟಿಯಲ್ಲಿ ತನ್ನ ಮುಂದಿನವಳಿಗೆ ಮಾಡುತ್ತಾಳೆ. ಅರ್ಧ ಗಂಟೆಯೊಳಗೆ ಇಡೀ ಊರು ಪ್ರಾರ್ಥನೆಗೆ ಕೂತಿರುತ್ತದೆ. ಆ ಶನಿವಾರ ಬೆಳಿಗ್ಗೆ ನಾನು ಅಂಗಳದಲ್ಲಿ ಪಿಯನಿ ಮೊಗ್ಗುಗಳ ಮೇಲಿನ ಇರುವೆ ಕೊಡವುತ್ತಿದ್ದೆ. ಮೇ ಕೊನೆಯಲ್ಲಿ ಸಮಾಧಿಗಳಿಗೆ ಹೂವಿಡುವ ದಿನಕ್ಕೆ ಇನ್ನೂ ಒಂಬತ್ತು ದಿನವಿತ್ತು. ಫೋನು ಬಂತು. ಪಕ್ಕದ ಹೊಲದ ಹಲ್ಡಾ.

“ಆರ್ಡಿಸ್, ಕೂತ್ಕೋ ಮೊದ್ಲು. ಲಿಯೋಟಾ ಹೋಗ್ಬಿಟ್ಳು ಕಣೆ. ಕಾಫಿ ಇಟ್ಕೊಂಡು ಟೈಪು ಮಿಷನ್ ಮುಂದೆ ಕೂತಿದ್ದೋಳು, ಹಾಗೇ ಒರಗಿದ್ಳಂತೆ.”

“ನಿಂಗ್ಯಾರು ಹೇಳಿದ್ದು?”

“ಮರ್ಟಲ್.”

“ಅವಳಿಗೆ?”

“ಪಾದ್ರಿ ಹೆಂಡ್ತಿ. ಅಲ್ಲ ಕಣೆ, ಈಗ ಅದ್ಯಾಕೆ ಕೇಳ್ತೀಯೆ?”

ದೇವರು ನನ್ನನ್ನು ಕ್ಷಮಿಸಲಿ. ದೊಡ್ಡಪ್ಪನ ಮಗಳು ಸತ್ತಳೆಂದು ಕೇಳಿದಾಗ ನನಗೆ ಮೊದಲು ಬಂದದ್ದು ಅಳುವಲ್ಲ. ಒಡಹುಟ್ಟಿದವಳಂತಿದ್ದ ನನಗಿಂತ ಮೊದಲು ಹೊರಗಿನವರಿಗೆ ಗೊತ್ತಾಯಿತಲ್ಲ ಎಂಬ ಹೊಟ್ಟೆಯುರಿ. ಆಮೇಲೆ ನೆನಪಾದದ್ದು ನನ್ನ ಪೆಟ್ಟಿಗೆಯೊಳಗಿದ್ದ ಹಳೆಯ ಬೈಬಲ್ಲು. ಆಗ ಕೂತೆ. ಪಟ್ಟಿಯಲ್ಲಿ ನನ್ನ ಮುಂದಿನವಳಿಗೆ ಫೋನು ಮಾಡಿದ್ದು ಬಹಳ ಹೊತ್ತಿನ ಮೇಲೆ.

ನಾನೂ ಲಿಯೋಟಾಳೂ ಅಯೋವಾದ ಒಂದೇ ಜೋಳದ ಹೊಲದ ಎರಡು ಕೊನೆಗಳಲ್ಲಿ ಬೆಳೆದವರು. ಅವಳು ನನಗಿಂತ ಮೂರು ವರ್ಷ ದೊಡ್ಡವಳು. ಅವಳ ಕೇಕು ಉಬ್ಬುತ್ತಿತ್ತು, ನನ್ನದು ನಡುವೆ ಕುಸಿಯುತ್ತಿತ್ತು. ಅದನ್ನೆಲ್ಲ ಹೇಗೋ ನುಂಗಿಕೊಂಡಿದ್ದೆ. ಆದರೆ ಗಂಡ ತೀರಿದ ಮೇಲೆ ಅವಳು ನಮ್ಮ ಬಿಕ್ಸ್‌ಬಿ ಮನೆತನದ ಬೇರು ಹುಡುಕಲು ಹೊರಟಳು. ಅಂದಿನಿಂದ ನನ್ನ ನಿದ್ದೆ ಕೆಟ್ಟಿತು.

ನಮ್ಮ ಮೂಲಪುರುಷ ಎಬರ್ ಬಿಕ್ಸ್‌ಬಿ. ಸಾವಿರದ ಎಂಟುನೂರ ಐವತ್ತೆರಡರಲ್ಲಿ ಓಹಾಯೋದಿಂದ ಎತ್ತಿನ ಬಂಡಿ ಹೊಡೆದುಕೊಂಡು ಬಂದು ಇಲ್ಲಿನ ಹುಲ್ಲುಗಾವಲನ್ನು ಮೊದಲು ಉತ್ತವನು. ಅವನ ಮಗ ಹೈರಮ್ ನನಗೂ ಲಿಯೋಟಾಳಿಗೂ ಮುತ್ತಜ್ಜ. ಪ್ರತಿ ಆಗಸ್ಟಿನಲ್ಲಿ ಬಿಕ್ಸ್‌ಬಿಗಳೆಲ್ಲ ಕೂಡಿದಾಗ ಲಿಯೋಟಾ ಕಂದು ಕಾಗದದ ದೊಡ್ಡ ವಂಶವೃಕ್ಷವನ್ನು ಗೋಡೆಗೆ ಬಿಗಿದು, ಮುರಿದ ಗಾಳದ ಕೋಲಿನಿಂದ ಒಂದೊಂದೇ ಚೌಕ ತೋರಿಸುತ್ತಿದ್ದಳು. ನೆಬ್ರಾಸ್ಕಾದಿಂದ ಬಂದವರೂ ಬಾಯಿಬಿಟ್ಟುಕೊಂಡು ಕೇಳುತ್ತಿದ್ದರು. ಪಾದ್ರಿಗಳು ಅವಳನ್ನು “ನಮ್ಮ ಊರಿನ ನೆನಪು” ಎಂದು ಕರೆದರು. ನಾನು ಆಲೂಗೆಡ್ಡೆ ಪಲ್ಯದ ಬೋಗುಣಿಗೆ ನೊಣ ಕೂರದಂತೆ ನೋಡಿಕೊಳ್ಳುತ್ತಿದ್ದೆ.

ಎಬರಜ್ಜನ ಹೆಂಡತಿ ಮರ್ಸಿ ಎಂದೇ ನಾವೆಲ್ಲ ನಂಬಿದ್ದೆವು. ಪ್ರತಿ ಮೇ ತಿಂಗಳಲ್ಲಿ ಅವಳ ಸಮಾಧಿಗೇ ಹೂವಿಟ್ಟು, ನಮ್ಮ ವಂಶದ ತಾಯಿ ಎಂದು ತಲೆಬಾಗಿದ್ದೆವು. ಲಿಯೋಟಾ ಆ ನಂಬಿಕೆಯನ್ನು ಕೆಡವಿದಳು. ಸಾವಿರದ ಎಂಟುನೂರ ಐವತ್ತರ ಜನಗಣತಿಯಲ್ಲಿ ಓಹಾಯೋದ ಮನೆಯಲ್ಲಿದ್ದವರು ಎಬರ್ ಮತ್ತು ನಾಲ್ಕು ವರ್ಷದ ಹೈರಮ್ ಮಾತ್ರ, ಹೆಂಗಸಿಲ್ಲ. ಮರ್ಸಿಯನ್ನು ಅವನು ಮದುವೆಯಾದದ್ದು ಇಲ್ಲಿಗೆ ಬಂದ ಮೇಲೆ. ಹಾಗಾದರೆ ಹೈರಮನನ್ನು ಹೆತ್ತವಳು ಯಾರು? ಅಲ್ಲಿನ ಕಚೇರಿಗೆ ಬೆಂಕಿ ಬಿದ್ದು ಹಳೆಯ ದಫ್ತರವೆಲ್ಲ ಸುಟ್ಟುಹೋಗಿತ್ತು. ವೃಕ್ಷದಲ್ಲಿ ಹೈರಮನ ಮೇಲೆ ಒಂದು ಚೌಕ ಖಾಲಿ ಉಳಿಯಿತು.

ಹನ್ನೊಂದು ವರ್ಷದ ಹಿಂದೆ, ಆಗಸ್ಟಿನ ಕೂಟದ ಊಟದ ಸಾಲಿನಲ್ಲಿ, ಅವಳು ನನ್ನನ್ನು ಕೇಳಿದಳು.

“ಲೇ ಆರ್ಡಿಸ್, ಎಬರಜ್ಜನ ಬೈಬಲ್ಲು ನಿಮ್ಮಪ್ಪನ ಪಾಲಿಗೆ ಬಂತಲ್ಲ? ಅದರ ನಡುವೆ ಹುಟ್ಟು ಸಾವು ಬರೆಯೋ ಹಾಳೆ ಇರತ್ತೆ. ನೋಡಿದ್ದೀಯಾ?”

“ಆ ಹಾಳೆ ಎಲ್ಲಿದೆ, ಇಲಿ ತಿಂದುಹಾಕಿದೆ.”

“ಬರೀ ಅದನ್ನೇನಾ? ಮಿಕ್ಕಿದ್ದು?”

“ದೇವರ ವಾಕ್ಯ ಮುಟ್ಟಿಲ್ಲ. ಭಕ್ತ ಇಲಿ.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಲಿಯೋಟಾಳೂ ನಕ್ಕಳು. ನಕ್ಕು, ಒಂದು ಗಳಿಗೆ ನನ್ನನ್ನೇ ನೋಡಿ, ತಟ್ಟೆ ಹಿಡಿದು ಮುಂದೆ ಹೋದಳು.

ಹಾಳೆ ಮುಕ್ಕಾಗದೆ ಇತ್ತು. ಕಂದು ಮಸಿಯಲ್ಲಿ ಬರೆದಿತ್ತು: “ಎಬರನ ಹೆಂಡತಿ ಫಿಲೂರಾ, 1848 ಮಾರ್ಚ್ 9ರಂದು ತೀರಿದಳು. ವಯಸ್ಸು 22 ವರ್ಷ, 4 ತಿಂಗಳು, 11 ದಿನ.” ಆಗಿನವರು ಹುಟ್ಟಿದ ದಿನ ಬರೆಯದೆ ಬದುಕಿದ ದಿನ ಬರೆಯುತ್ತಿದ್ದರು. ಲಿಯೋಟಾ ಆಗಿದ್ದರೆ ಹಿಂದಕ್ಕೆ ಎಣಿಸಿ ಒಂದು ನಿಮಿಷದಲ್ಲಿ ದಿನ ಹೇಳುತ್ತಿದ್ದಳು. ನಾನು ಒಂದು ಮಧ್ಯಾಹ್ನವೆಲ್ಲ ಬೆರಳು ಮಡಿಸಿ ಎಣಿಸಿದೆ. ಸಾವಿರದ ಎಂಟುನೂರ ಇಪ್ಪತ್ತೈದು, ಅಕ್ಟೋಬರ್ ಇಪ್ಪತ್ತೊಂಬತ್ತು.

ಎಲ್ಲವೂ ಅವಳ ಪಾಲಿಗಿದೆ, ಈ ಒಂದು ಹೆಸರು ನನ್ನದಾಗಿರಲಿ ಎಂದುಕೊಂಡೆ. ಮೊದಲ ವರ್ಷ ಅದು ಬಾಯಲ್ಲಿಟ್ಟ ಕಲ್ಲುಸಕ್ಕರೆಯಂತಿತ್ತು. ಆಮೇಲೆ ಬರೀ ಕಲ್ಲಾಯಿತು. ಅವಳು ಓಹಾಯೋಗೆ ಕಾಗದ ಬರೆಯುತ್ತಲೇ ಇದ್ದಳು. ಮುಂದಿನ ಆಗಸ್ಟಿಗೆ ಕೊಡೋಣ ಎಂದು ನಾನು ಮುಂದೂಡುತ್ತಲೇ ಇದ್ದೆ.

ಮಂಗಳವಾರ ಮಣ್ಣು ಮಾಡುವ ದಿನ. ಬೈಬಲ್ಲನ್ನು ಕೈಚೀಲದಲ್ಲಿಟ್ಟುಕೊಂಡು ಹೋದೆ. ಶವಪೆಟ್ಟಿಗೆಯ ಮುಚ್ಚಳ ಹಾಕುವ ಮೊದಲು ಅವಳ ಕಿವಿಯಲ್ಲಿ ಆ ಹೆಸರು ಹೇಳಿಬಿಟ್ಟರೆ ಕೊಟ್ಟಂತೆಯೂ ಆಯಿತು, ಯಾರಿಗೂ ತಿಳಿಯದಂತೆಯೂ ಆಯಿತು ಎಂಬುದು ನನ್ನ ಲೆಕ್ಕಾಚಾರ. ಆದರೆ ಹಿಂದೆ ಜನ ಸಾಲುಗಟ್ಟಿದ್ದರು. ತುಟಿ ಬಿಚ್ಚಲಾಗಲಿಲ್ಲ.

ಊಟಕ್ಕೆ ಚರ್ಚಿನ ನೆಲಮಾಳಿಗೆಗೆ ಇಳಿದರೆ, ಎದುರು ಗೋಡೆಯ ಮೇಲೆ ಆ ವಂಶವೃಕ್ಷ. ಲಿಯೋಟಾಳ ಮಗಳು ನಡೀನ್ ಅದನ್ನು ತಂದು ಹಾಕಿದ್ದಳು.

“ಚಿಕ್ಕಮ್ಮ, ಒಂಚೂರು ಇಲ್ಲಿ ಬನ್ನಿ. ಈ ಚೌಕದಲ್ಲಿ ಅಮ್ಮ ಏನೋ ಬರೆದಿದ್ದಾಳೆ, ನಂಗರ್ಥ ಆಗ್ಲಿಲ್ಲ.”

ಕನ್ನಡಕ ಹಾಕಿಕೊಂಡು ನೋಡಿದೆ. ಹೈರಮನ ಮೇಲಿನ ಖಾಲಿ ಚೌಕದಲ್ಲಿ ಪೆನ್ಸಿಲಿನ ಸಣ್ಣ ಅಕ್ಷರ. ಮಾಸಿದ್ದನ್ನು ಮತ್ತೆ ಮತ್ತೆ ತಿದ್ದಿದ ಗುರುತಿತ್ತು. “ಇದು ಆರ್ಡಿಸ್‌ಗೆ ಬಿಟ್ಟದ್ದು. ಇಲಿ ಉಗುಳುವ ತನಕ.”

ನನ್ನದು ಸುಳ್ಳೆಂದು ಅವಳಿಗೆ ಮೊದಲಿಂದಲೂ ಗೊತ್ತಿತ್ತು. ಗೊತ್ತಿದ್ದೂ ಮತ್ತೆ ಕೇಳದೆ ಬೇರೆಡೆ ಹುಡುಕಿದ್ದಳು. ಆ ಗಳಿಗೆಯಲ್ಲೂ ನನ್ನ ಮನಸ್ಸು ಮೊದಲು ಅಂದದ್ದು, ಇದರಲ್ಲೂ ಅವಳೇ ಗೆದ್ದಳಲ್ಲ ಎಂದೇ. ನನ್ನ ಸುಳ್ಳು ಹನ್ನೊಂದು ವರ್ಷದ್ದಾದರೆ ಅವಳ ತಾಳ್ಮೆಯೂ ಹನ್ನೊಂದು ವರ್ಷದ್ದು.

“ಇಲಿ ಅಂದ್ರೆ ಯಾವುದು ಚಿಕ್ಕಮ್ಮ?”

ಪಕ್ಕದಲ್ಲಿ ಹಲ್ಡಾ, ಮರ್ಟಲ್ ಇಬ್ಬರೂ ತಟ್ಟೆ ಹಿಡಿದು ನಿಂತಿದ್ದರು.

“ನಾನೇ ಕಣಮ್ಮ,” ಅಂದೆ. ಬೈಬಲ್ಲು ತೆಗೆದು ಹಾಳೆ ಬಿಡಿಸಿ ಅವಳ ಕೈಗೆ ಕೊಟ್ಟೆ.

ನಡೀನ್ ಓದಿದಳು. ಮುಖ ಕೆಂಪೇರಿತು. “ಅಮ್ಮ ಮೂರು ಸಲ ಬಸ್ಸಲ್ಲಿ ಓಹಾಯೋಗೆ ಹೋಗಿಬಂದ್ಳು. ಮಂಡಿ ನೋವಲ್ಲಿ.”

“ಗೊತ್ತು.”

“ನೀವೇ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದಿರಿ.”

“ಹೌದಮ್ಮ. ದಾರಿಗೆ ಬುತ್ತಿನೂ ಕಟ್ಟಿಕೊಟ್ಟೆ.”

ನಡೀನ್ ಬೈಬಲ್ಲನ್ನು ಮೇಜಿನ ಮೇಲಿಟ್ಟಳು. ಆಮೇಲೆ ತಾಯಿಯ ಮಸಿಯ ಪೆನ್ನನ್ನು ಜೇಬಿನಿಂದ ತೆಗೆದು ಮುಂದೆ ಹಿಡಿದಳು. “ಬರೀರಿ. ನಾನು ಬರೆಯೋ ಹಾಗಿಲ್ಲ. ನಿಮಗೆ ಅಂತ ಬಿಟ್ಟಿದ್ದಾಳೆ.”

ಬರೆದೆ. ಅಕ್ಷರ ಸೊಟ್ಟಗಾಯಿತು. ಪೆನ್ಸಿಲಿನ ಸಾಲನ್ನು ಅಳಿಸಬೇಡವೆಂದು ನಾನೇ ಹೇಳಿದೆ.

ಸೋಮವಾರ, ಹೂವಿಡುವ ದಿನ, ಮೂರು ಕಾಫಿ ಡಬ್ಬಿಗಳಲ್ಲಿ ಪಿಯನಿ ತುಂಬಿಕೊಂಡು ಸ್ಮಶಾನಕ್ಕೆ ಹೋದೆ. ಒಂದು ಮರ್ಸಿಗೆ, ಅವಳು ತಾಯಿಯಿಲ್ಲದ ಕೂಸನ್ನು ಸಾಕಿದವಳು. ಒಂದು ಲಿಯೋಟಾಳಿಗೆ. ಮೂರನೆಯದು ಫಿಲೂರಾಳಿಗೆ. ಅವಳು ಓಹಾಯೋದ ಯಾವ ಮಣ್ಣಿನಲ್ಲಿದ್ದಾಳೋ ಯಾರಿಗೂ ತಿಳಿಯದು. ಅದಕ್ಕೇ ಆ ಡಬ್ಬಿಯನ್ನೂ ಲಿಯೋಟಾಳ ಹಸಿ ಮಣ್ಣಿನ ಪಕ್ಕದಲ್ಲೇ ಇಟ್ಟೆ. ಸತ್ತವರಿಗಾಗಿ ಬೇಡುವುದು ನಮ್ಮ ಸಭೆಯ ವಾಡಿಕೆಯಲ್ಲ. ಆದರೂ ಮಂಡಿಯೂರಿದೆ.

ಕರ್ತನೇ, ನಿನ್ನ ಮಗಳು ಲಿಯೋಟಾ ಬಹಳ ಹುಡುಕಿ ದಣಿದು ಬಂದಿದ್ದಾಳೆ. ಅವಳಿಗೆ ವಿಶ್ರಾಂತಿ ಕೊಡು. ನಾನು ಬಚ್ಚಿಟ್ಟವಳನ್ನು ನೀನು ಅವಳ ಕಣ್ಣಮುಂದೆ ತಂದು ನಿಲ್ಲಿಸು. ನಾನು ಬಂದು ಸೇರುವವರೆಗೆ ಕಾಯಿಸಬೇಡ. ಮೊದಲು ಅವಳಿಗೇ ತೋರಿಸು. ಅವಳ ಆತ್ಮ ನಿನ್ನಲ್ಲಿ ನೆಮ್ಮದಿಯಾಗಿರಲಿ. ಆಮೆನ್.