ಜಾರ್ಜನ ಎದೆಯ ಮೇಲಿನ ಆನೆ

ನಲ್ಲಿಗೆ ನೀರು ಬಂದಿತ್ತು. ಬೆಟಗೇರಿಯಲ್ಲಿ ನೀರು ಬಂದ ಬೆಳಿಗ್ಗೆ ಬೇರೆ ಕೆಲಸ ಯಾವುದೂ ನಡೆಯುವುದಿಲ್ಲ. ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಬರುವ ನೀರು, ಆ ಹೊತ್ತು ಬಿಟ್ಟರೆ ಹೋಯಿತು. ಹಂಡೆ ತುಂಬಿಸಿ ಮುಗಿಸಿ ನಾನು ಬ್ಯಾರಲ್ಲಿಗೆ ಕೊಡದಿಂದ ಸುರಿಯುತ್ತಿದ್ದೆ. ಅತ್ತೆ ಜೈಬುನ್ನೀಸಾ ಕಟ್ಟೆಯ ಮೇಲೆ ಕುಳಿತು ತಪೇಲಿ, ಚರಿಗೆ, ಕೊನೆಗೆ ಚಹದ ಪಾತ್ರೆಯನ್ನೂ ನನ್ನ ಕಡೆ ಸರಿಸುತ್ತಿದ್ದರು.

"ಇನ್ನ ಚಮಚಾ ಉಳದಾವ ನೋಡ್ರಿ ಅತ್ತಿ. ಅವನ್ನೂ ತುಂಬೂಣೇನು?"

"ತುಂಬು. ನಾಡದ ನೀರಿಲ್ಲಂತ ನೀನ ಅಳತಿ, ಆವಾಗ ಚಮಚಾದಾಗಿಂದು ಕುಡಸ್ತೀನಿ."

ಅಷ್ಟರಲ್ಲಿ ಪಕ್ಕದ ಮನೆಯ ಸುಮಿತ್ರವ್ವ ಗೋಡೆಯ ಮೇಲಿಂದ ಮುಖ ತೋರಿಸಿದರು. ನೀರಿನ ದಿನ ಅವರೂ ಸೆರಗು ಸಿಕ್ಕಿಸಿ ನಿಂತಿರುವವರೇ. ಅವತ್ತು ಕೈಯಲ್ಲಿ ಕೊಡ ಇರಲಿಲ್ಲ. ಸಂತೆಗೆ ಸೀರೆ ಮಾರಲು ಹೋದ ನನ್ನ ಗಂಡನನ್ನು ಕೇಳಿದರು.

"ಸಾಬೀರಾ, ಇನಾಯತ ನಿನ್ನೆ ಬಂದನೇನವಾ?"

"ಇಲ್ರಿ ಅಕ್ಕಾ. ಲಕ್ಷ್ಮೇಶ್ವರ, ಶಿರಹಟ್ಟಿ ಮುಗಿಸಿ ಮುಂಡರಗಿ ಸಂತಿಗೆ ಹೋಗ್ಯಾರ. ರಾತ್ರಿ ಇಲ್ಲಂದ್ರ ಬೆಳಿಗ್ಗೆ ಬರ್ತೀನಿ ಅಂದಿದ್ರು."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ನಮ್ಮ ವೀರು ಬಸ್ ಸ್ಟ್ಯಾಂಡಿನ್ಯಾಗ ಕೇಳಿ ಬಂದಾನ. ನಿನ್ನೆ ಸಂಜಿಮುಂದ ಮುಂಡರಗಿ ದಾರ್ಯಾಗ ಹಳ್ಳ ಬಂದಿತ್ತಂತ. ಟೆಂಪೋ ಒಂದು ಹರಕೊಂಡು ಹೋಗೇತಂತ. ಅದರಾಗ ಬೆಟಗೇರಿ ಸೀರಿ ವ್ಯಾಪಾರದವರು ಇದ್ರಂತ."

ಕೊಡ ತುಂಬಿ ಹರಿಯತೊಡಗಿತು. ನೀರು ನನ್ನ ಪಾದದ ಮೇಲೆ ಹಾದು ಗಟಾರಕ್ಕೆ ಹೋಗುತ್ತಿತ್ತು. ನಲ್ಲಿ ಬಂದ್ ಮಾಡಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಮೊದಲು ಮಾತಾಡಿದವರು ಅತ್ತೆ. "ಅವನ ತೋಳಿಗೆ ಇಮಾಮ್ ಜಾಮಿನ್ ಕಟ್ಟೇನಿ. ಏನೂ ಆಗಂಗಿಲ್ಲ."

ಬಾಗಿಲಲ್ಲಿ ಏನೋ ಬಿದ್ದ ಸದ್ದಾಯಿತು. ನನ್ನ ಮಗಳು ಫಿಜಾ ನಿಂತಿದ್ದಳು. ಹಲ್ಲುಜ್ಜುವ ಬ್ರಶ್ಶು ಅವಳ ಕಾಲ ಬಳಿ ಬಿದ್ದಿತ್ತು. ಬಾಯಿಯ ತುಂಬ ನೊರೆ. ಉಗುಳಿರಲಿಲ್ಲ.

ನಮ್ಮ ಮನೆಯಲ್ಲಿ ರಾತ್ರಿ ಹೊರಗೆ ಉಳಿಯುವ ಪ್ರಯಾಣಕ್ಕೆ ಹೊರಟವರ ಬಲದೋಳಿಗೆ ಅತ್ತೆ ಇಮಾಮ್ ಜಾಮಿನ್ ಕಟ್ಟುತ್ತಾರೆ. ಹಸಿರು ಬಟ್ಟೆಯ ಪಟ್ಟಿಯೊಳಗೆ ಒಂದು ನಾಣ್ಯ ಇಟ್ಟು ಹೊಲಿದಿರುತ್ತಾರೆ. ಹೋದವರು ಕ್ಷೇಮವಾಗಿ ಮನೆ ಮುಟ್ಟುವವರೆಗೆ ಅವರ ಜಾಮೀನು ಇಮಾಮರದು. ಬಂದ ಮೇಲೆ ಬಿಚ್ಚಿ ದಾನ ಕೊಡಬೇಕು. ಅತ್ತೆ ದಾನವನ್ನು ಬೇರೆ ದುಡ್ಡಿನಲ್ಲಿ ಕೊಟ್ಟು, ಆ ನಾಣ್ಯವನ್ನು ಮಾತ್ರ ತಿರುಗಿ ಪೆಟ್ಟಿಗೆಗೆ ಹಾಕುತ್ತಿದ್ದರು. ಏಕೆಂದರೆ ಅದು ಅವರ ತಾಯಿಯಿಂದ ಬಂದ ಬೆಳ್ಳಿ ರೂಪಾಯಿ. ಎಡ್ವರ್ಡ್ ರಾಜನದು. ಅದರ ಮೇಲೆ ರಾಜನ ತಲೆಗೆ ಕಿರೀಟವಿಲ್ಲ. ಹಾಗಾಗಿ ಮನೆಯಲ್ಲಿ ಎಲ್ಲರೂ ಅದನ್ನು ಬೋಳು ರಾಜ ಎನ್ನುತ್ತಿದ್ದೆವು.

ಫಿಜಾಳಿಗೆ ಬೇಕಾಗಿದ್ದುದೂ ಅದೇ. ಗದಗ ಜಿಲ್ಲೆಯಾಗಿ ವರ್ಷ ತುಂಬಿತೆಂದು ಅವಳ ಶಾಲೆಯಲ್ಲಿ ವಸ್ತುಪ್ರದರ್ಶನ ಇಟ್ಟಿದ್ದರು. ನಮ್ಮ ಸೀಮೆಯನ್ನು ಆಳಿದವರ ನಾಣ್ಯ, ಒಬ್ಬೊಬ್ಬರದು ಒಂದೊಂದು, ತರುತ್ತೇನೆಂದು ಇವಳು ಒಪ್ಪಿಕೊಂಡು ಬಂದಿದ್ದಳು. ಅವಳ ಅಬ್ಬಾ ಸಂತೆಗೆ ಹೋದಲ್ಲೆಲ್ಲ ಹಳೇ ಸಾಮಾನಿನವರ ಬಳಿ ಕೆದಕಿ ತಂದುಕೊಡುತ್ತಿದ್ದರು. ಸೀರೆ ಡಬ್ಬಿಯ ರಟ್ಟಿನಲ್ಲಿ ಅವಳು ಗುಂಡನೆಯ ಮನೆಗಳನ್ನು ಕೊರೆದಿದ್ದಳು. ಬಾದಶಹನ ದುಡ್ಡು, ಆನೆಯಿರುವ ಟಿಪ್ಪುವಿನ ಕಾಸು, ವಿಕ್ಟೋರಿಯಾ ರಾಣಿ, ಇಬ್ಬರು ಜಾರ್ಜರು. ಎಡ್ವರ್ಡನ ಮನೆಯೊಂದು ಖಾಲಿ.

"ಶಿರಹಟ್ಟಿಯವರು ಸಾಂಗ್ಲಿ ರಾಜಾನ ಕೈಯಾಗ ಇದ್ರು, ಲಕ್ಷ್ಮೇಶ್ವರದವರು ಮಿರಜದವನ ಕೈಯಾಗ. ಅವರ ತಲಿ ಎಲ್ಲಿಂದ ತರ್ತಿ?" ಎಂದು ನನ್ನ ಮೈದುನ ನಯಾಜ ಕಾಡುತ್ತಿದ್ದ. "ಈಗಿನ ಡೀಸಿ ಸಾಹೇಬರದರ ಒಂದು ನಾಣ್ಯ ಹೊಡಸ್ಯಾರೇನು ಕೇಳು."

ಅಜ್ಜಿಯ ಹತ್ತಿರ, ಅವಳ ದಾದಿಯ ಹತ್ತಿರ, ಅವಳು ಎಷ್ಟು ಗೋಗರೆದಿದ್ದಳು! "ಒಂದ ದಿನ ಕೊಡು ದಾದಿ. ಅಬ್ಬಾಗ ಬೇಕಾರ ಜಾರ್ಜನ್ನ ಕಟ್ಟು. ನನ್ನ ಹತ್ರ ಹಿರೀ ಜಾರ್ಜನವು ಎರಡದಾವ."

"ತೋಬಾ ತೋಬಾ! ಅವನ ಎದಿ ಮ್ಯಾಲೆ ಹಂದಿ ಐತಿ. ಅಂಥಾದ್ದನ್ನ ಇಮಾಮರ ಹೆಸರಿಲೆ ಕಟ್ಟತಾರೇನ?"

ಅತ್ತೆಯ ತಂದೆಯ ಕಾಲದ ಮಾತದು. ಜಾರ್ಜ್ ರಾಜನ ಮೊದಲ ರೂಪಾಯಿ ಬಂದಾಗ ಅವನ ನಿಲುವಂಗಿಯ ಮೇಲೆ ಆನೆಯ ಚಿತ್ರವಿತ್ತು. ಸೊಂಡಿಲು ಗಿಡ್ಡವಾಗಿ, ಹಂದಿಯ ಹಾಗೆ ಕಾಣುತ್ತಿತ್ತು. ಜನ ಆ ರೂಪಾಯಿ ಮುಟ್ಟುವುದಿಲ್ಲವೆಂದು ಗದ್ದಲವೆಬ್ಬಿಸಿದರಂತೆ. ಮರುವರ್ಷ ಸರಕಾರ ಸೊಂಡಿಲನ್ನು ಉದ್ದ ಮಾಡಿ ಹೊಸ ಅಚ್ಚು ತಂದಿತಂತೆ. ನನ್ನ ಗಂಡ ನೂಲು ನೋಡುವ ಭೂತಗನ್ನಡಿ ಹಿಡಿದು, "ಇದು ಆನೀನ ಅಮ್ಮಾ, ಇಲ್ನೋಡು ಕಿವಿ" ಎಂದು ನಕ್ಕಿದ್ದರು. ಅತ್ತೆ ನೋಡಲೇ ಇಲ್ಲ. ಫಿಜಾ ಕನ್ನಡಿ ಇಸಿದುಕೊಂಡು ಬಹಳ ಹೊತ್ತು ನೋಡಿದ್ದಳು. ಅವಳ ಹತ್ತಿರವಿದ್ದ ಎರಡರಲ್ಲಿ ಒಂದಕ್ಕೆ ಸೊಂಡಿಲು ಉದ್ದ, ಒಂದಕ್ಕೆ ಗಿಡ್ಡ.

ಸುಮಿತ್ರವ್ವನ ಸುದ್ದಿ ಕೇಳಿ ನಯಾಜ ಚಹ ಕುಡಿಯದೆ ಗಾಡಿ ತೆಗೆದುಕೊಂಡು ಮುಂಡರಗಿಗೆ ಹೊರಟ. ಅವನು ಓಣಿ ದಾಟುವ ಮೊದಲೇ ದಾವಲಬಿ ಬಂದಳು. ಅವಳ ಗಂಡ ಖಾಜಾಸಾಬ ನನ್ನ ಗಂಡನ ಜೊತೆಗಾರ. ಇಬ್ಬರೂ ಸೀರೆಯ ಗಂಟು ಹೊತ್ತು ಒಂದೇ ಸಂತೆಗಳಿಗೆ ಹೋಗುವವರು. ದಾವಲಬಿ ತುಂಬಿದ ಬಸುರಿ, ಹೊಟ್ಟೆಯ ಕೆಳಗೆ ಕೈ ಕೊಟ್ಟುಕೊಂಡು ಏದುಸಿರು ಬಿಡುತ್ತಿದ್ದಳು.

"ಅತ್ತಿ, ಖರೆ ಏನ್ರಿ?"

"ಬಾ ಮಗಳ, ಕುಂಡ್ರು. ಇಬ್ಬರೂ ಕೂಡೇ ಹೋಗ್ಯಾರ, ಕೂಡೇ ಬರ್ತಾರ. ಇನಾಯತನ ತೋಳಿಗೆ ನನ್ನ ನಾಣ್ಯಾ ಐತಿ."

ಮುಂಜಾನೆಯಿಂದ ಅತ್ತೆ ಆ ಮಾತನ್ನು ಎಷ್ಟು ಸಲ ಆಡಿದರೋ. ಒಂದೊಂದು ಸಲಕ್ಕೂ ಫಿಜಾ ಮೂಲೆಗೆ ಇನ್ನಷ್ಟು ಸರಿಯುತ್ತಿದ್ದಳು. ರೊಟ್ಟಿ ಮುರಿದು ಬಾಯಿಗಿಟ್ಟರೆ ಅಗಿಯುತ್ತಿರಲಿಲ್ಲ. ಹಣೆ ಮುಟ್ಟಿದೆ, ಜ್ವರವಿಲ್ಲ. ಕೈ ಮಾತ್ರ ತಣ್ಣಗೆ.

"ಏನಾತು ಕೂಸ?"

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಸುಮಿತ್ರವ್ವನ ಮನೆಯ ಫೋನು ಹೊಡೆಯಿತು. ನಾನೂ ದಾವಲಬಿಯೂ ಒಟ್ಟಿಗೇ ಎದ್ದೆವು. ಗೋಡೆಯಾಚೆಯಿಂದ ಸುಮಿತ್ರವ್ವ, "ನಿಮ್ದಲ್ಲವಾ, ನಮ್ಮ ಸುಶ್ಮಿತಾಂದು. ಹಾಸ್ಟೆಲಿಗೆ ಚಕ್ಕುಲಿ ಕಳಸು ಅಂತಾಳ" ಎಂದರು. ಹೇಳುತ್ತಲೇ ಅವರಿಗೆ ಅಳು ಬಂತು. ತಿರುಗಿ ಕುಳಿತಾಗ ಫಿಜಾ ಬಾಯಿ ಮುಚ್ಚಿಕೊಂಡಿದ್ದಳು.

ಸುಮ್ಮನೆ ಕೂರಲಾಗದೆ ನಾನು ಹಾಸಿಗೆ ಮಡಚಲು ಹೋದೆ. ಫಿಜಾಳ ತಲೆದಿಂಬಿನ ಕೆಳಗೆ ಅವಳ ಡಬ್ಬಿಯಿತ್ತು. ಯಾವಾಗಲೂ ಕಿಟಕಿಯಲ್ಲಿರುವ ಡಬ್ಬಿ. ಎತ್ತಿಡಲು ಹೋದಾಗ ಮುಚ್ಚಳ ಜಾರಿತು.

ಎಡ್ವರ್ಡನ ಮನೆ ಖಾಲಿ ಇರಲಿಲ್ಲ. ಬೋಳು ರಾಜ ಅಲ್ಲಿ ಮಲಗಿದ್ದ.

ಹಿರಿಯ ಜಾರ್ಜ್ ತನ್ನ ಮನೆಯಲ್ಲಿ ಒಬ್ಬನೇ ಇದ್ದ. ಡಬ್ಬಿಯನ್ನು ಕಿಟಕಿಗೆ ಒಯ್ದು ನೋಡಿದೆ. ಸೊಂಡಿಲು ಉದ್ದವಾಗಿತ್ತು. ಗಿಡ್ಡ ಸೊಂಡಿಲಿನವನು ಎಲ್ಲೂ ಇರಲಿಲ್ಲ. ಅಬ್ಬಾ ಹೊರಟ ಬೆಳಿಗ್ಗೆ ಇವಳು ಎಲ್ಲರಿಗಿಂತ ಮೊದಲು ಎದ್ದಿದ್ದಳು. ಹಸಿರು ಪಟ್ಟಿ ಗೂಟಕ್ಕೆ ತೂಗುತ್ತಿತ್ತು. ದಾರದುಂಡೆ ಹಾಸಿಗೆಯ ಮೇಲೆ ಬಿದ್ದಿತ್ತು, ಗೊಂಬೆಗೆ ಅಂಗಿ ಹೊಲಿಯುತ್ತಿದ್ದಾಳೆಂದು ನಾನು ಅಂದುಕೊಂಡಿದ್ದೆ. ಅವಳು ಬಿಚ್ಚಿ ಹೊಲಿದದ್ದು ಆ ಪಟ್ಟಿಯನ್ನು.

ನಾನು ಏಳನೆಯ ಇಯತ್ತೆವರೆಗೆ ಓದಿದವಳು. ತೋಳಿನ ಮೇಲಿನ ನಾಣ್ಯ ಹಳ್ಳದ ನೀರನ್ನು ನಿಲ್ಲಿಸುವುದಿಲ್ಲವೆಂದು ನನಗೆ ಗೊತ್ತು. ಗೊತ್ತಿದ್ದೂ ಹಾಸಿಗೆಯ ಮೇಲೆ ಕುಳಿತುಬಿಟ್ಟೆ. ಕೆಂಪು ನೀರಿನಲ್ಲಿ ಒಂದು ಹಸಿರು ಪಟ್ಟಿ ಕಂಡಂತಾಯಿತು. ಅದರೊಳಗೆ ಆ ಪ್ರಾಣಿ. ಮುಚ್ಚಳ ಹಾಕಿ ಡಬ್ಬಿಯನ್ನು ಇದ್ದಲ್ಲೇ ಇಟ್ಟೆ. ಬಾಗಿಲಲ್ಲಿ ನಿಂತು ಫಿಜಾ ನೋಡುತ್ತಿದ್ದಳು. ಗದರಿಸಿ ಕೇಳಿದರೆ ಇದು ಅವಳ ಎದೆಯಲ್ಲಿ ಜೀವಮಾನವಿಡೀ ಉಳಿಯುತ್ತದೆ. ಅವಳೇ ಹೇಳಲಿ, ಅವಳ ಅಬ್ಬಾ ಬಂದ ಮೇಲೆ ಹೇಳಲಿ ಎಂದು ನಾನು ಅವಳನ್ನು ತೊಡೆಯ ಮೇಲೆ ಎಳೆದುಕೊಂಡು ಜಡೆ ಬಿಚ್ಚಿ ಮತ್ತೆ ಹೆಣೆದೆ. ಎರಡು ಸಲ ಹೆಣೆದೆ.

ಮಧ್ಯಾಹ್ನದ ನಮಾಜಾದ ಮೇಲೆ ಗಾಡಿಯ ಸದ್ದು ಕೇಳಿತು. ನಯಾಜನ ಹಿಂದೆ ಒಬ್ಬರು ಕುಳಿತಿದ್ದರು. ಸೊಂಟದವರೆಗೆ ಕೆಸರು, ಹೆಗಲ ಮೇಲೆ ಗಂಟು. ಅವರೇ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅತ್ತೆ ಓಡಿಹೋಗಿ ಮಗನ ಮುಖವನ್ನು ಎರಡೂ ಕೈಯಿಂದ ಸವರಿದರು. ನಂತರ ಅವರ ಕೈ ಬಲದೋಳಿಗೆ ಇಳಿಯಿತು, ಅಂಗಿಯ ಮೇಲೆ ಒತ್ತಿ ಒತ್ತಿ ನೋಡಿತು.

"ಇಮಾಮ್ ಜಾಮಿನ್ ಎಲ್ಲೈತೋ?"

ನನ್ನ ಗಂಡ ದಾವಲಬಿಯ ಕಡೆ ನೋಡಿದರು. ನೋಡಲಾಗದೆ ತಲೆ ತಗ್ಗಿಸಿದರು.

"ಟೆಂಪೋದಾಗ ಒಬ್ಬರಿಗಷ್ಟ ಜಾಗಾ ಇತ್ತಮ್ಮಾ. ನೀ ಹೋಗೋ ಖಾಜಾ, ಮನ್ಯಾಗ ಅಕಿ ಒಬ್ಬಾಕಿನ ಅದಾಳ ಅಂತ ನಾನ ಹತ್ತಿಸಿದೆ. ಮಳಿ ನೋಡಿ ಅಂಜಾಕತ್ತಿದ್ದ. ಅದಕ್ಕ ನನ್ನ ತೋಳಿಂದ ಬಿಚ್ಚಿ ಅವನಿಗೆ ಕಟ್ಟಿದೆ. ನಮ್ಮವ್ವನ ಬೋಳು ರಾಜ ನಿನ್ನ ಮನೀ ಮುಟ್ಟೂತನಾ ಬಿಡಂಗಿಲ್ಲ ಹೋಗಲೇ ಅಂದೆ. ನಕ್ಕೊಂಡ ಹೋದ." ಹೆಗಲ ಮೇಲಿನ ಗಂಟನ್ನು ಕೆಳಗಿಳಿಸಿದರು. "ಟೆಂಪೋ ಸಿಕ್ಕೈತಿ. ಕೆಲವರನ್ನ ಎಳದು ಹಾಕ್ಯಾರ. ಖಾಜಾ ಇನ್ನೂ ಸಿಕ್ಕಿಲ್ಲ. ದಂಡಿಗುಂಟ ಹುಡಕಾಕತ್ತಾರ."

ದಾವಲಬಿ ಅಳಲಿಲ್ಲ. ಗೋಡೆ ಹಿಡಿದು ಮೆಲ್ಲಗೆ ಕುಳಿತು ಅತ್ತೆಯ ಸೆರಗು ಹಿಡಿದುಕೊಂಡಳು.

"ಹಂಗಾರ ಬರ್ತಾರಲ್ರಿ ಅತ್ತಿ? ನಿಮ್ಮ ನಾಣ್ಯಾ ಅವರ ತೋಳಿಗೈತಿ. ಬರ್ತಾರ ಹೌದಲ್ಲೋ?"

"ಬರ್ತಾನವಾ. ನನ್ನ ಅವ್ವನ ಕಾಲದಿಂದ ಆ ನಾಣ್ಯಾ ಕಟಗೊಂಡವರು ತಿರುಗಿ ಬರದಂಗ ಆಗಿಲ್ಲ."

ಮೂಲೆಯಿಂದ ಫಿಜಾ ಎದ್ದಳು. ಒಳಗೆ ಹೋಗಿ ಡಬ್ಬಿ ತಂದಳು. ಅದನ್ನು ಎದೆಗವಚಿಕೊಂಡು ದಾವಲಬಿಯನ್ನು ದಾಟಿ, ದಾದಿಯನ್ನು ದಾಟಿ, ತನ್ನ ಅಬ್ಬಾನ ಕೆಸರು ಕಾಲುಗಳ ಎದುರಿಗೆ ನಿಂತಳು. ಮುಂಜಾನೆಯಿಂದ ಮುಚ್ಚಿದ್ದ ಆ ಪುಟ್ಟ ಬಾಯಿ ತೆರೆಯುವುದನ್ನು ನಾನು ಕಂಡೆ. ಅವಳ ಬಾಯಿ ಮುಚ್ಚಲೆಂದು ನನ್ನ ಕೈ ಮುಂದೆ ಹೋಯಿತು. ಹೋದ ಕೈಯನ್ನು ಅವಳ ನೆತ್ತಿಯ ಮೇಲೆ ಇಟ್ಟೆ.

"ಅಬ್ಬಾ, ನಗಬ್ಯಾಡ್ರಿ, ಖರೆ ಹೇಳ್ರಿ. ಗಿಡ್ಡ ಸೊಂಡಿಲಿನ ಜಾರ್ಜನ ಎದಿ ಮ್ಯಾಲಿರೂದು ಆನೀನೋ, ಹಂದೀನೋ?"